ಮಲ್ಲಯುದ್ಧದ ಸಾಹಿತ್ಯ: ಮಾನ್ಯಖೇಟದಿಂದ ಭೀಮಾತೀರದ ಕಣದವರೆಗೆ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಜಾತ್ರೆಯ ತೇರು ಎಳೆದ ಮರುದಿನವೋ ಮೂರನೆಯ ದಿನವೋ ಜಂಗೀ ಕುಸ್ತಿಯ ಕಣ ಸಿದ್ಧವಾಗುತ್ತದೆ. ಹಲಗೆಯ ಬಡಿತ ಮೊದಲಾಗುತ್ತದೆ. ಹುಡುಗರ ಜೋಡಿಗಳು ಒಂದೊಂದು ತೆಂಗಿನಕಾಯಿಗಾಗಿ ಸೆಣಸುತ್ತವೆ. ಹೊತ್ತು ಇಳಿದಂತೆ ಬಹುಮಾನದ ಮೊತ್ತ ಏರುತ್ತದೆ. ಕೊನೆಯ ಕುಸ್ತಿಗೆ ಬೆಳ್ಳಿಯ ಕಡಗ. ಗಡಿಯಾಚೆಯ ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆಯಿಂದಲೂ ಪೈಲ್ವಾನರು ಬರುತ್ತಾರೆ. ಮರುದಿನದ ಪತ್ರಿಕೆಯಲ್ಲಿ ಗೆದ್ದವನ ಹೆಸರು, ಊರು, ಕಡಗದ ತೂಕ ಮೂರು ಸಾಲಿನಲ್ಲಿ ಮುಗಿದುಹೋಗುತ್ತವೆ. ಸೋತವನ ಹೆಸರು ಎಷ್ಟೋ ಸಲ ಅಚ್ಚಾಗುವುದೇ ಇಲ್ಲ.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಈ ಮೂರು ಸಾಲು ಅಚ್ಚರಿ ಹುಟ್ಟಿಸಬೇಕು. ಏಕೆಂದರೆ ಇದೇ ಕಲಬುರಗಿ ಜಿಲ್ಲೆಯ ಕಾಗಿಣಾ ದಂಡೆಯ ಮಳಖೇಡದಲ್ಲಿ, ಅಂದಿನ ಮಾನ್ಯಖೇಟದಲ್ಲಿ, ಒಂಬತ್ತನೆಯ ಶತಮಾನದಲ್ಲಿ ಭಾರತೀಯ ಸಾಹಿತ್ಯದ ಅತ್ಯುತ್ತಮ ದ್ವಂದ್ವಯುದ್ಧ ವರ್ಣನೆಗಳಲ್ಲಿ ಒಂದು ರಚಿತವಾಯಿತು. ಅದನ್ನು ಕಟ್ಟಿದವನು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಗುರುವಾದ ಆಚಾರ್ಯ ಜಿನಸೇನ. ಇರುವೆಯ ಜೀವಕ್ಕೂ ನೋವಾಗದಂತೆ ನಡೆಯುವ ವ್ರತ ತೊಟ್ಟ ದಿಗಂಬರ ಮುನಿ. ಕಾಳಗವನ್ನು ಚೆನ್ನಾಗಿ ಬರೆದ ನಾಡಿನಲ್ಲಿ ಕಾಳಗ ಇಂದಿಗೂ ನಡೆಯುತ್ತಿದೆ, ಬರೆಯುವವರು ಮಾತ್ರ ಇಲ್ಲ. ಈ ವೈಪರೀತ್ಯಕ್ಕೆ ಕಾರಣ ಹುಡುಕುವ ಮುನ್ನ ಅನ್ಯಭಾಷೆಗಳಲ್ಲಿ ಇಂಥ ಬರಹ ಹೇಗೆ ಬೆಳೆಯಿತೆಂಬುದನ್ನು ನೋಡುವುದು ಒಳಿತು.

ಇಂಗ್ಲಿಷಿನಲ್ಲಿ ಮುಷ್ಟಿಯುದ್ಧದ ಬರಹಕ್ಕೆ, ಅಂದರೆ ಬಾಕ್ಸಿಂಗಿನ ಸಾಹಿತ್ಯಕ್ಕೆ, ಎರಡು ಶತಮಾನಗಳ ಅಖಂಡ ಪರಂಪರೆಯಿದೆ. ವಿಲಿಯಂ ಹ್ಯಾಜ್ಲಿಟ್ 1822ರಲ್ಲಿ ಪ್ರಕಟಿಸಿದ 'ದಿ ಫೈಟ್' ಪ್ರಬಂಧದ ಬಹುಭಾಗ ಕಾಳಗವನ್ನು ಕುರಿತದ್ದೇ ಅಲ್ಲ. ತಪ್ಪಿಹೋದ ಗಾಡಿ, ಛತ್ರದಲ್ಲಿ ಕಳೆದ ರಾತ್ರಿ, ಅಲ್ಲಿನ ಹರಟೆ, ಬೆಳಗಿನ ನಡಿಗೆ. ಇವೆಲ್ಲ ಕಳೆದ ಮೇಲೆ ಹಿಕ್‌ಮನ್ ಮತ್ತು ನೀಟ್ ಎಂಬ ಇಬ್ಬರ ಹೊಡೆದಾಟ. ಜಾತ್ರೆಗೆ ಹೋಗುವುದು ಜಾತ್ರೆಯ ಅರ್ಧ ಎಂಬುದನ್ನು ಬಲ್ಲ ಭೀಮಾತೀರದ ಓದುಗರಿಗೆ ಈ ಕ್ರಮ ಅಪರಿಚಿತವೆನಿಸದು. ಜ್ಯಾಕ್ ಲಂಡನ್ 1909ರಲ್ಲಿ ಬರೆದ 'ಎ ಪೀಸ್ ಆಫ್ ಸ್ಟೇಕ್' ಕಥೆಯ ಟಾಮ್ ಕಿಂಗ್ ವಯಸ್ಸಾದ ಮುಷ್ಟಿಮಲ್ಲ. ಅಂದು ಅವನಿಗೆ ಒಂದು ತುಂಡು ಮಾಂಸ ಸಾಲವಾಗಿಯೂ ಸಿಗುವುದಿಲ್ಲ. ಅರೆಹೊಟ್ಟೆಯಲ್ಲಿ ನಡೆದೇ ಕಣಕ್ಕೆ ಹೋಗಿ, ಅನುಭವದ ಬಲದಿಂದ ಎಳೆಯ ಎದುರಾಳಿಯನ್ನು ಸೋಲಿನ ಅಂಚಿಗೆ ತಂದು, ಕೊನೆಯ ಏಟಿಗೆ ಬೇಕಾದ ಕಸುವಿಲ್ಲದೆ ಸೋಲುತ್ತಾನೆ. ಹಿಂದೊಮ್ಮೆ ತಾನು ಯುವಕನಾಗಿ ಸೋಲಿಸಿದ ಮುದುಕನು ಆ ರಾತ್ರಿ ಏಕೆ ಅತ್ತನೆಂಬುದು ಅವನಿಗೆ ಆಗ ತಿಳಿಯುತ್ತದೆ. ಲೀಬ್ಲಿಂಗನ 'ದಿ ಸ್ವೀಟ್ ಸೈನ್ಸ್' (1956) ಕಣದಷ್ಟೇ ಕಣದ ಸುತ್ತಲಿನ ತರಬೇತುದಾರರನ್ನು, ಹಳಬರ ಮಾತನ್ನು ಹಿಡಿದಿಡುತ್ತದೆ. ನಾರ್ಮನ್ ಮೇಲರನ 'ದಿ ಫೈಟ್' (1975) 1974ರ ಕಿನ್ಶಾಸಾದ ಅಲಿ–ಫೋರ್‌ಮನ್ ಸ್ಪರ್ಧೆಯನ್ನು ಕುರಿತ ಪ್ರಸಿದ್ಧ ಕೃತಿಯಾದರೂ ಅದರಲ್ಲಿ ಅಲಿಗಿಂತ ಮೇಲರನೇ ಹೆಚ್ಚು ಜಾಗ ಹಿಡಿದಿದ್ದಾನೆ. ಜಾಯ್ಸ್ ಕ್ಯಾರಲ್ ಓಟ್ಸ್ 1987ರ 'ಆನ್ ಬಾಕ್ಸಿಂಗ್'ನಲ್ಲಿ ಹೆಚ್ಚು ಸಂಯಮ ತೋರಿದ್ದಾಳೆ. ಕಾಳಗವನ್ನು ಬದುಕಿನ ರೂಪಕವಾಗಿಸಿ ಕೈತೊಳೆದುಕೊಳ್ಳುವ ಓದನ್ನು ಆಕೆ ಒಪ್ಪುವುದಿಲ್ಲ. ಈ ಎಚ್ಚರ ಕನ್ನಡ ವಿಮರ್ಶೆಗೆ ತುರ್ತಾಗಿ ಬೇಕಾದದ್ದು. 'ವೀರರಸ' ಎಂದೊಂದು ಹಣೆಪಟ್ಟಿ ಅಂಟಿಸಿ ಕಾಳಗದ ಪದ್ಯಗಳನ್ನು ದಾಟಿಹೋಗುವ ಅಭ್ಯಾಸ ತರಗತಿಗಳಲ್ಲಿ ಬೇರೂರಿದೆ.

ಕುಸ್ತಿಗೂ ಮುಷ್ಟಿಯುದ್ಧಕ್ಕೂ ಸಂಬಂಧವೇನೆಂಬ ಆಕ್ಷೇಪ ಬರಬಹುದು. ಹಳೆಯ ಕರ್ನಾಟಕದಲ್ಲಿ ಇವೆರಡರ ನಡುವಿನ ಗೆರೆ ಇಂದಿನಷ್ಟು ದಪ್ಪವಾಗಿರಲಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಯಸ್, ಇಲ್ಲಿನ ಮಲ್ಲರ ಕಾಳಗ ತನ್ನ ನಾಡಿನದರಂತಿಲ್ಲ, ಹಲ್ಲು ಮುರಿಯುವ, ಕಣ್ಣು ಕೀಳುವ ಏಟುಗಳು ಅದರಲ್ಲಿವೆ ಎಂಬರ್ಥದಲ್ಲಿ ಬರೆದಿದ್ದಾನೆ. ಅವನ ಅನಂತರ ಬಂದ ನೂನಿಜ್, ಮಲ್ಲರು ಕೈಯಲ್ಲಿ ಮೊನೆಗಳುಳ್ಳ ಬಳೆಯಂಥ ಆಯುಧ ಹಿಡಿದು ಹೊಡೆದಾಡುವುದನ್ನೂ, ಹೆಚ್ಚು ಗಾಯಗೊಂಡವನಿಗೆ ರೇಷ್ಮೆಯ ವಸ್ತ್ರ ದೊರೆಯುವುದನ್ನೂ ದಾಖಲಿಸಿದ್ದಾನೆ. ಸೋತವನಿಗೆ ಬಹುಮಾನ! ಇದರ ನೇರ ಉಳಿಕೆಯಂತೆ ಕಾಣುವ ವಜ್ರಮುಷ್ಟಿ ಕಾಳಗ ಇಂದಿಗೂ ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುತ್ತದೆ. ತಲೆ ಬೋಳಿಸಿಕೊಂಡ ಜೆಟ್ಟಿಗಳು ಎದುರಾಗುತ್ತಾರೆ. ಮೊದಲ ರಕ್ತದ ಹನಿ ಕಂಡೊಡನೆ ಕಾಳಗ ನಿಲ್ಲುತ್ತದೆ.

ಆಳಂದದ ನೆರೆಯಲ್ಲೇ ಇರುವ ಕಲ್ಯಾಣದ ಅರಸರಂತೂ ತಮ್ಮನ್ನು ಮಲ್ಲರೆಂದೇ ಕರೆದುಕೊಂಡರು: ಆಹವಮಲ್ಲ, ತ್ರೈಲೋಕ್ಯಮಲ್ಲ, ತ್ರಿಭುವನಮಲ್ಲ, ಭೂಲೋಕಮಲ್ಲ. ಈ ಬಿರುದುಗಳನ್ನು ಶಾಸನಗಳಲ್ಲಿ ಓದಿ ಓದಿ ಅವುಗಳ ಒಳಗಿರುವ ಮೈ ಮಣ್ಣಾದ ಮನುಷ್ಯ ಮರೆತೇಹೋಗಿದ್ದಾನೆ. ಭೂಲೋಕಮಲ್ಲನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ವಿಶ್ವಕೋಶ 'ಮಾನಸೋಲ್ಲಾಸ'ದಲ್ಲಿ 'ಮಲ್ಲವಿನೋದ'ಕ್ಕೆ ಒಂದು ಅಧ್ಯಾಯವೇ ಮೀಸಲು. ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ಮಲ್ಲರ ವರ್ಗೀಕರಣ, ಅವರ ಸಾಧನೆ, ಅರಸನು ಒದಗಿಸಬೇಕಾದ ಬೇಳೆ, ಹಾಲು, ಮಾಂಸ, ಸಕ್ಕರೆಗಳ ಊಟ, ಎಲ್ಲವೂ ಅಲ್ಲಿವೆ. ಪಟ್ಟುಗಳ ಹೆಸರುಗಳಿದ್ದರೂ ಅವುಗಳ ವಿವರಣೆಯಿಲ್ಲ. ಅಂದಿನ ಓದುಗರಿಗೆ ಅದರ ಅಗತ್ಯವಿರಲಿಲ್ಲವೆಂದು ತೋರುತ್ತದೆ.

ಇನ್ನು ಜಿನಸೇನ ಮತ್ತು ಪಂಪ. ಭರತ–ಬಾಹುಬಲಿಯರ ಸೇನೆಗಳು ಎದುರುಬದುರು ನಿಂತಾಗ ಎರಡೂ ಕಡೆಯ ಮಂತ್ರಿಗಳು ಒಂದು ಲೆಕ್ಕ ಹಾಕುತ್ತಾರೆ. ಅಣ್ಣತಮ್ಮಂದಿರಿಬ್ಬರೂ ಚರಮಶರೀರಿಗಳು, ಇದೇ ಜನ್ಮದಲ್ಲಿ ಮೋಕ್ಷ ಪಡೆಯಬೇಕಾದವರು, ಯುದ್ಧದಲ್ಲಿ ಇವರು ಸಾಯುವುದಿಲ್ಲ, ಸಾಯುವುದು ಮಂದಿ ಮಾತ್ರ. ಆದ್ದರಿಂದ ಧರ್ಮಯುದ್ಧ ನಡೆಯಲಿ: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಯುದ್ಧವನ್ನು ನಿಯಮಗಳುಳ್ಳ ಸ್ಪರ್ಧೆಯಾಗಿ ಬದಲಿಸುವ ಈ ತೀರ್ಮಾನ ಇತಿಹಾಸಕಾರರ ಗಮನಕ್ಕೆ ಬಂದದ್ದು ಕಡಿಮೆ. ರಾಷ್ಟ್ರಕೂಟರ ಕಾಲದ ನಿಲ್ಲದ ದಂಡಯಾತ್ರೆಗಳ ನಡುವೆ, ಅರಸನ ಗುರುವೊಬ್ಬನು ರಾಜಧಾನಿಯಲ್ಲೇ ಕುಳಿತು, ಸತ್ತವರು ಯಾರೆಂಬ ಪ್ರಶ್ನೆಯನ್ನು ಮಂತ್ರಿಗಳ ಬಾಯಲ್ಲಿ ಕೇಳಿಸಿದ್ದು ಸಣ್ಣ ಮಾತಲ್ಲ.

ಸ್ಪರ್ಧೆಯ ವಿವರಗಳಿಗೆ ಬಂದರೆ ಕವಿಯ ಕಣ್ಣು ಪೈಲ್ವಾನನ ಕಣ್ಣಾಗುತ್ತದೆ. ಜೈನ ಪರಂಪರೆಯಲ್ಲಿ ಭರತನ ಎತ್ತರ 500 ಧನುಸ್ಸು, ಬಾಹುಬಲಿಯದು 525. ಈ 25 ಧನುಸ್ಸುಗಳೇ ಮೊದಲ ಎರಡು ಸುತ್ತುಗಳನ್ನು ನಿರ್ಧರಿಸುತ್ತವೆ. ದೃಷ್ಟಿಯುದ್ಧದಲ್ಲಿ ಭರತ ತಲೆಯೆತ್ತಿ ನೋಡಬೇಕು, ರೆಪ್ಪೆ ಸೋಲುತ್ತದೆ. ಜಲಯುದ್ಧದಲ್ಲಿ ಅವನು ಎರಚಿದ ನೀರು ತಮ್ಮನ ಎದೆಯ ಮಟ್ಟಕ್ಕಷ್ಟೇ ಮುಟ್ಟುತ್ತದೆ, ತಮ್ಮನು ಎರಚಿದ್ದು ನೇರ ಮುಖಕ್ಕೆ ಬಡಿಯುತ್ತದೆ. ಇಂದಿನ ಬಾಕ್ಸಿಂಗ್ ವರದಿಗಾರರು ಸ್ಪರ್ಧೆಗೆ ಮುನ್ನ ತೋಳಿನ ಅಳತೆ ಕೊಡುತ್ತಾರಲ್ಲ, ಅದೇ ಇದು. ಬಾಹುಬಲಿ ಗೆದ್ದದ್ದು ದೈವದ ವರದಿಂದಲ್ಲ, ಶಾಪದ ಫಲದಿಂದಲೂ ಅಲ್ಲ. ಗೆಲುವಿಗೆ ದೇಹದ ಕಾರಣವಿದೆ, ನೋಡುವವರೆಲ್ಲರೂ ಅದನ್ನು ಕಣ್ಣಾರೆ ಕಂಡು ಒಪ್ಪಬಹುದು.

ಮೂರನೆಯದು ಮಲ್ಲಯುದ್ಧ. ಬಾಹುಬಲಿ ಅಣ್ಣನನ್ನು ಮೇಲೆತ್ತುತ್ತಾನೆ. ಎತ್ತಿದವನು ನೆಲಕ್ಕೆ ಬಡಿಯಬೇಕು. ಕುಸ್ತಿ ಮುಗಿಯುವುದು ಹಾಗೆ. ಆದರೆ ಎತ್ತಿದ್ದು ಹಿರಿಯನನ್ನು, ಚಕ್ರವರ್ತಿಯನ್ನು, ಅವನು ಬಡಿಯುವುದಿಲ್ಲ. 941ರ ಪಂಪನ 'ಆದಿಪುರಾಣ' ಜಿನಸೇನನ ಈ ಕಟ್ಟನ್ನು ಬಹುಮಟ್ಟಿಗೆ ಅನುಸರಿಸುತ್ತದೆ. ಆದರೆ ಪಂಪನಲ್ಲಿ ಎತ್ತಿ ಹಿಡಿದ ಆ ಗಳಿಗೆಯ ತೂಕ ಹೆಚ್ಚು. ಸೋತ ಭರತ ನಿಯಮ ಮುರಿದು ಚಕ್ರರತ್ನವನ್ನು ಪ್ರಯೋಗಿಸುತ್ತಾನೆ. ಅದು ಬಾಹುಬಲಿಯನ್ನು ಬಲವಂದು ನಿಲ್ಲುತ್ತದೆ. ಆಟದ ಭಾಷೆಯಲ್ಲಿ ಹೇಳುವುದಾದರೆ ಗಂಟೆ ಬಾರಿಸಿದ ಮೇಲೆ ಹೊಡೆದ ಏಟು ಅದು. ಬಾಹುಬಲಿಗೆ ರಾಜ್ಯದ ಮೇಲೆ ಹೇಸಿಕೆ ಹುಟ್ಟುವುದು ಅಲ್ಲಿ.

ಈ ಭಾಗವನ್ನು ವೈರಾಗ್ಯಕ್ಕೆ ಬರೆದ ಪೀಠಿಕೆಯೆಂದಷ್ಟೇ ಓದುವ ವಿದ್ವಾಂಸರಿದ್ದಾರೆ. ಆ ಓದು ಅರ್ಧ ಸತ್ಯ. ಸೋತವನು ರಾಜ್ಯ ಬಿಟ್ಟರೆ ಅದನ್ನು ತ್ಯಾಗವೆನ್ನಲು ಜನ ಹಿಂಜರಿಯುತ್ತಾರೆ. ಬಾಹುಬಲಿಯ ತ್ಯಾಗಕ್ಕೆ ಬೆಲೆ ಬರಬೇಕಾದರೆ ಅವನ ಗೆಲುವು ಸಂಶಯಾತೀತವಾಗಿರಬೇಕು, ಕಾಳಗ ನಿಜವಾದ ಕಾಳಗವಾಗಿರಬೇಕು. ಅಹಿಂಸೆಯನ್ನು ನಂಬಿದ ಕವಿ ಕಾಳಗವನ್ನು ಅಷ್ಟು ಶ್ರದ್ಧೆಯಿಂದ ಬರೆದದ್ದು ಈ ಕಾರಣಕ್ಕೆ. 981ರ ಸುಮಾರಿಗೆ ಚಾವುಂಡರಾಯ ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ ಗೊಮ್ಮಟನ ಹೆಗಲನ್ನೂ ಇಳಿಬಿಟ್ಟ ತೋಳುಗಳನ್ನೂ ನೋಡಿದವರಿಗೆ ಇದು ತಿಳಿಯುತ್ತದೆ. ಅವು ತಪಸ್ಸಿನಿಂದ ಬಡಕಲಾದ ತೋಳುಗಳಲ್ಲ, ಮಲ್ಲನ ತೋಳುಗಳು.

ಶ್ವೇತಾಂಬರ ಪರಂಪರೆಯಲ್ಲಿ ಈ ಕಥೆಗೆ ಇನ್ನೊಂದು ರೂಪವಿದೆ. ಮುಷ್ಟಿಯುದ್ಧದ ಸಾಹಿತ್ಯವೆಂಬ ಮಾತಿಗೆ ಅದೇ ಹೆಚ್ಚು ಸಲ್ಲುತ್ತದೆ. ಹನ್ನೆರಡನೆಯ ಶತಮಾನದ ಹೇಮಚಂದ್ರನ 'ತ್ರಿಷಷ್ಟಿಶಲಾಕಾಪುರುಷಚರಿತ'ದಲ್ಲಿ ಸ್ಪರ್ಧೆಗಳು ಐದು: ದೃಷ್ಟಿ, ವಾಕ್, ಬಾಹು, ಮುಷ್ಟಿ, ದಂಡ. ಚಕ್ರ ಪ್ರಯೋಗವಾದ ಬಳಿಕ ಕೆರಳಿದ ಬಾಹುಬಲಿ ಮುಷ್ಟಿಯೆತ್ತಿ ಅಣ್ಣನತ್ತ ನುಗ್ಗುತ್ತಾನೆ. ನಡುವೆ ತಡೆಯುತ್ತಾನೆ. ಎತ್ತಿದ ಅದೇ ಮುಷ್ಟಿಯಿಂದ ತನ್ನ ತಲೆಗೂದಲನ್ನು ಕಿತ್ತುಕೊಳ್ಳುತ್ತಾನೆ. ದೀಕ್ಷೆಯ ಕೇಶಲೋಚಕ್ಕೆ 'ಪಂಚಮುಷ್ಟಿ' ಎಂಬ ಹೆಸರಿರುವುದನ್ನು ನೆನೆದರೆ, ಒಂದೇ ಪದದ ಎರಡು ಅರ್ಥಗಳು, ಹೊಡೆಯುವ ಗುದ್ದು ಮತ್ತು ಹಿಡಿಯಷ್ಟು ಕೂದಲು, ಒಂದೇ ಕೈಯಲ್ಲಿ ಕೂಡಿರುವುದು ಕಾಣುತ್ತದೆ. ಹೆವಿವೇಟ್ ಕಾಳಗಗಳನ್ನು ಕುರಿತ ಯಾವ ಆಧುನಿಕ ಬರಹದಲ್ಲೂ ಇದಕ್ಕೆ ಸಮನಾದ ಚಿತ್ರ ಸಿಗುವುದು ಕಷ್ಟ.

ಹದಿನಾರನೆಯ ಶತಮಾನದ ರತ್ನಾಕರವರ್ಣಿ 'ಭರತೇಶ ವೈಭವ'ದಲ್ಲಿ ಈ ಕಾಳಗವನ್ನೇ ಅಳಿಸಿಹಾಕಿದ. ಅವನ ಭರತ ಮೃದುಮಾತಿನಿಂದಲೇ ತಮ್ಮನನ್ನು ಗೆಲ್ಲುತ್ತಾನೆ. ಭೋಗ–ಯೋಗ ಸಮನ್ವಯದ ಅವನ ನಾಯಕನಿಗೆ ಸೋಲು ಒಗ್ಗದು ಎಂಬುದು ನಿಜ. ಸಾಂಗತ್ಯದ ಮಾಧುರ್ಯವೂ ನಿರ್ವಿವಾದ. ಆದರೂ ಕಣವಿಲ್ಲದ ಭರತ–ಬಾಹುಬಲಿ ಕಥೆ ಏನನ್ನೋ ಕಳೆದುಕೊಂಡಿದೆ. ಭರತನಿಗೆ ಅವನ ಪ್ರಿಯಕವಿಯೇ ಸೋಲುವ ಘನತೆಯನ್ನು ನಿರಾಕರಿಸಿದಂತಾಯಿತು.

ಸೋಲಿನ ಘನತೆಯ ಕವಿ ರನ್ನ. ಅವನ 'ಗದಾಯುದ್ಧ'ದ ಆಯುಧ ಗದೆಯಾದರೂ ಕಾಳಗದ ರಚನೆ ಇಬ್ಬರು ಹಳೆಯ ಎದುರಾಳಿಗಳ ಕೊನೆಯ ಸುತ್ತಿನದು. ಗೆದ್ದವನು ಭೀಮ, ಅವನೇ ಕಥಾನಾಯಕ, ಆಶ್ರಯದಾತನಾದ ಸತ್ಯಾಶ್ರಯನಿಗೆ ಹೋಲಿಸಿದ್ದೂ ಅವನನ್ನೇ. ಆದರೆ ತೊಡೆಗೆ ಬಿದ್ದ ಏಟು ಗದಾಯುದ್ಧದ ನಿಯಮಕ್ಕೆ ಹೊರತು, ಬಲರಾಮ ಸಿಟ್ಟಾಗುತ್ತಾನೆ, ಓದುಗನ ಮನಸ್ಸು ಬಿದ್ದವನ ಬಳಿ ಉಳಿಯುತ್ತದೆ. ಬಿ.ಎಂ. ಶ್ರೀಯವರು ಈ ಕಾವ್ಯವನ್ನು ನಾಟಕಕ್ಕೆ ಅಳವಡಿಸಿದಾಗ ಕಂಡದ್ದೂ ದುರ್ಯೋಧನನ ದುರಂತವನ್ನೇ. ಪಂಪನಲ್ಲಿ ತಪ್ಪು ಏಟು ಸೋತವನದು, ರನ್ನನಲ್ಲಿ ಗೆದ್ದವನದು. ಈ ಎರಡು ಕಾವ್ಯಗಳನ್ನು ಎದುರುಬದುರು ಇರಿಸಿ ಪಾಠ ಹೇಳಿದರೆ ಹಳಗನ್ನಡದ ಬಗ್ಗೆ ವಿದ್ಯಾರ್ಥಿಗಳಿಗಿರುವ ಅಂಜಿಕೆ ಅರ್ಧ ಕರಗೀತು.

ಕುಮಾರವ್ಯಾಸನ ಕೀಚಕವಧೆಯನ್ನು ಹೆಸರಿಸದೆ ಮುಂದೆ ಹೋಗುವಂತಿಲ್ಲ. ಕತ್ತಲ ನಾಟ್ಯಶಾಲೆಯಲ್ಲಿ ಬರಿಗೈಯ ಗುದ್ದಾಟ, ನೋಡುವವರಿಲ್ಲ, ಅಜ್ಞಾತವಾಸದ ಭೀಮ ಗುಟ್ಟು ಕಾಯಬೇಕು. ಹಾಗೆಯೇ ಜೈನ ಹರಿವಂಶದ ಕಥೆಗಳಲ್ಲಿ ಚಾಣೂರ, ಮುಷ್ಟಿಕರ ಕಾಳಗವೂ, ನೇಮಿಯ ಬಲದ ಮುಂದೆ ಕೃಷ್ಣ ಸೋಲುವ ಪ್ರಸಂಗವೂ ಇವೆ. ಅವುಗಳಿಗೆ ಪ್ರತ್ಯೇಕ ಅಧ್ಯಯನವೇ ಬೇಕು.

ಇಷ್ಟು ಸಂಪನ್ನ ಪರಂಪರೆ ಹೊಸಗನ್ನಡದಲ್ಲಿ ಏಕೆ ತೆಳುವಾಯಿತು? ಕೆ.ವಿ. ಅಯ್ಯರ್ ಅವರ ಉದಾಹರಣೆ ಕುತೂಹಲಕರ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದ, ದೇಹದಾರ್ಢ್ಯವನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದ ಈ ಮಹನೀಯರು ಕನ್ನಡದಲ್ಲಿ 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಕೊಟ್ಟರು. ಒಂದರ ನಾಯಕಿ ಹೊಯ್ಸಳರ ಜೈನ ರಾಣಿ, ಇನ್ನೊಂದರ ಹಿನ್ನೆಲೆ ಇಟಲಿಯ ಕಲಾಲೋಕ. ಗರಡಿಯನ್ನು ಒಳಗಿನಿಂದ ಬಲ್ಲ ಲೇಖಕರೂ ಕನ್ನಡ ಕಾದಂಬರಿಗೆ ಕೈಹಚ್ಚಿದಾಗ ಗರಡಿಯನ್ನು ಹೊರಗೇ ಬಿಟ್ಟರು. ಸಾಹಿತ್ಯಕ್ಕೆ ತಕ್ಕ ವಸ್ತು ಯಾವುದು ಎಂಬ ಕಾಲದ ಕಲ್ಪನೆ ಅಷ್ಟು ಬಲವಾಗಿತ್ತು. ಕೊನೆಗೆ ಕುಸ್ತಿಯನ್ನು ಎತ್ತಿಕೊಂಡದ್ದು ಸಿನಿಮಾ. 2019ರ 'ಪೈಲ್ವಾನ್' ಚಿತ್ರದ ನಾಯಕ ಕುಸ್ತಿಯಿಂದ ಬಾಕ್ಸಿಂಗಿಗೆ ಹೋಗುತ್ತಾನೆ. ನಾಯಕ ಗೆಲ್ಲಲೇಬೇಕಾದ ಚಿತ್ರದಲ್ಲಿ ಟಾಮ್ ಕಿಂಗನಿಗೆ ಜಾಗವಿರುವುದಿಲ್ಲ.

ಕಲ್ಯಾಣ ಕರ್ನಾಟಕದ ಕಾರಣ ಇನ್ನೂ ಬೇರೆ. 1948ರ ಸೆಪ್ಟೆಂಬರ್ 17ರವರೆಗೆ ಈ ಭಾಗ ನಿಜಾಮನ ಆಳ್ವಿಕೆಯಲ್ಲಿತ್ತು. ಶಾಲೆಯ ಭಾಷೆ, ಕಚೇರಿಯ ಭಾಷೆ ಉರ್ದು. ಮೈಸೂರಿನ ಜೆಟ್ಟಿಗೆ ಅರಮನೆಯ ಆಶ್ರಯವೂ ಇತ್ತು, ಅರಮನೆಯ ಸುತ್ತ ಕನ್ನಡದ ಅಚ್ಚುಕೂಟಗಳೂ ಇದ್ದವು. ಭೀಮಾತೀರದ ಪೈಲ್ವಾನನಿಗೆ ಜಾತ್ರೆಯ ಕಮಿಟಿಯೇ ಆಶ್ರಯ, ಹಲಗೆಯೇ ಪ್ರಕಟಣೆ. ಅಚ್ಚಿನ ಗದ್ಯ ಬೆಳೆಯಬೇಕಾದ ದಶಕಗಳಲ್ಲಿ ಇಲ್ಲಿ ಕನ್ನಡಕ್ಕೆ ಅಚ್ಚೇ ದುರ್ಲಭವಾಗಿತ್ತು. ಆದರೆ 1956ರ ಏಕೀಕರಣದ ಅನಂತರವೂ ಅದೇ ಕಾರಣ ಹೇಳುತ್ತ ಕುಳಿತರೆ ಅದು ಸೋಮಾರಿತನವಾಗುತ್ತದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಕಲಬುರಗಿಯಲ್ಲಿ ವಿಶ್ವವಿದ್ಯಾಲಯವಿದೆ, ಮೂರೂ ತಾಲ್ಲೂಕುಗಳಲ್ಲಿ ಪದವಿ ಕಾಲೇಜುಗಳಿವೆ. ವಚನ, ತತ್ತ್ವಪದಗಳ ಮೇಲೆ ಪಿಎಚ್‌.ಡಿ. ಪ್ರಬಂಧಗಳು ಸಾಲುಗಟ್ಟಿವೆ, ಅವು ಬೇಕಾದವೇ. ತಾಲೀಮಿನ ಮಣ್ಣಿಗೆ ಮಾತ್ರ ಸಂಶೋಧಕರ ಕಾಲು ಸೋಕಿದ್ದು ಅಪರೂಪ.

ದಾಖಲಿಸಬೇಕಾದದ್ದು ಬಹಳವಿದೆ. ಧೋಬಿಪಛಾಡ, ಕಲಾಜಂಗ, ಢಾಕ ಮುಂತಾದ ಪಟ್ಟುಗಳ ಹೆಸರುಗಳು ಹಿಂದಿ–ಮರಾಠಿಗಳಿಂದ ಬಂದು ಕನ್ನಡದ ಬಾಯಲ್ಲಿ ತಿರುಗಿವೆ. 'ಉಸ್ತಾದ' ಎಂಬುದು 'ವಸ್ತಾದಿ'ಯಾದ ಬಗೆಯಲ್ಲಿ ಈ ನಾಡಿನ ಭಾಷಾಸಹವಾಸದ ಚರಿತ್ರೆಯಿದೆ. ಧ್ವನಿವರ್ಧಕದಲ್ಲಿ ಕುಸ್ತಿಯ ಜೋಡಿಗಳನ್ನು ಕೂಗಿ ಹೇಳುವವನು ಒಂದೇ ಉಸಿರಿನಲ್ಲಿ ಕನ್ನಡ, ದಖನಿ, ಮರಾಠಿಗಳನ್ನು ಬೆರೆಸುತ್ತಾನೆ. ಕುಸ್ತಿಯ ನೇರ ಸಾಹಿತ್ಯವೇನಾದರೂ ಇದ್ದರೆ ಅದು ಅವನದು, ಸಂಜೆಯಾಗುವಷ್ಟರಲ್ಲಿ ಗಾಳಿಗೆ ಹೋಗಿರುತ್ತದೆ. ಜಾತ್ರೆಯ ಕರಪತ್ರಗಳನ್ನು ಯಾವ ಗ್ರಂಥಾಲಯವೂ ಕೂಡಿಡುವುದಿಲ್ಲ. ಹತ್ತು ವರ್ಷಗಳ ಕರಪತ್ರಗಳು ಸಿಕ್ಕರೂ ಬಹುಮಾನದ ಮೊತ್ತ, ಊರುಗಳ ಹೆಸರು, ಪೈಲ್ವಾನರ ಹೆಸರುಗಳಿಂದ ಒಂದು ಸಾಮಾಜಿಕ ಚರಿತ್ರೆ ಕಟ್ಟಬಹುದು. ಜೋಸೆಫ್ ಆಲ್ಟರ್ ಎಂಬ ಮಾನವಶಾಸ್ತ್ರಜ್ಞ ಬನಾರಸಿನ ಅಖಾಡಗಳಲ್ಲಿ ಕುಳಿತು 1992ರಲ್ಲಿ 'ದಿ ರೆಸ್ಲರ್ಸ್ ಬಾಡಿ' ಪ್ರಕಟಿಸಿದ. ಅಂಥ ಕೆಲಸಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಒಂದು ದಾಖಲೆಯಂತ್ರ, ಒಂದಿಷ್ಟು ಬೆಳಗಿನ ಜಾವಗಳು ಸಾಕು.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಮಾನ್ಯಖೇಟದ ರಾಷ್ಟ್ರಕೂಟರ ಕೊನೆಯ ಕುಡಿಯಾದ ನಾಲ್ಕನೆಯ ಇಂದ್ರನ ಸ್ಮಾರಕ ಶಾಸನವಿದೆ. 982ರಲ್ಲಿ ಅವನು ಸಲ್ಲೇಖನದಿಂದ ದೇಹ ಬಿಟ್ಟ. ಉಪವಾಸದಿಂದ ಪ್ರಾಣ ತ್ಯಜಿಸಿದ ಈ ಅರಸನ ಶಾಸನ ಬಹುವಾಗಿ ಹೊಗಳುವುದು ಏನನ್ನು? ಅವನ ಚೆಂಡಾಟದ ನೈಪುಣ್ಯವನ್ನು. ಚೆಂಡನ್ನು ತಿರುಗಿಸುವ, ಕುದುರೆಯನ್ನು ಹೊರಳಿಸುವ ಬಗೆಗಳನ್ನು. ಶಾಸನ ರಚಿಸಿದ ಕವಿಗೆ ಸಮಾಧಿಮರಣ ಮತ್ತು ಆಟದ ಕೌಶಲ ಒಂದೇ ಕಲ್ಲಿನ ಮೇಲೆ ಇರಬಾರದೆಂದು ತೋರಲಿಲ್ಲ. ಆ ಅರಸನ ಮನೆತನದ ರಾಜಧಾನಿಯಿಂದ ಜೇವರ್ಗಿಯ ಭೀಮಾ ಸೇತುವೆಗೆ ಅರ್ಧ ದಿನದ ದಾರಿಯೂ ಇಲ್ಲ. ಆ ದಾರಿಯ ಎರಡೂ ಬದಿಯ ಹಳ್ಳಿಗಳಲ್ಲಿ ಕಡಗ ಗೆದ್ದವರೂ ಕಡಗ ತಪ್ಪಿಸಿಕೊಂಡವರೂ ಎಂಬತ್ತರ ಅಂಚಿನಲ್ಲಿದ್ದಾರೆ, ಕೇಳಿದರೆ ಹೇಳುತ್ತಾರೆ.